ಬೆಳ್ಳುಳ್ಳಿಯ ವಾಸನೆ, ಅಳತೆಯ ಟೇಪು
ತಿ. ನರಸೀಪುರದಲ್ಲಿ ನಮ್ಮೆದುರಿನ ಅಂಗಡಿಯ ದರ್ಜಿ ಸ್ಥೂಲಕಾಯದ ಒಂಟಿ ಹೆಂಗಸು. ಊದಿದ ಮಂಡಿ ಹೊಲಿಗೆಯಂತ್ರ ತುಳಿಯಲೊಪ್ಪದಿದ್ದರೆ ಅವರಿಗೆ ಅನ್ನವಿರಲಿಲ್ಲ. ಬೊಜ್ಜು ಮೈಯೊಳಗೆ ಉರಿಯೂತವನ್ನು ಆರಗೊಡದೆ ರೋಗನಿರೋಧಕ ಶಕ್ತಿಯನ್ನು ಕೆಡಿಸುತ್ತದೆಂದೂ, ಬೆಳ್ಳುಳ್ಳಿಯ ಗಂಧಕಾಂಶಗಳು ಆ ಉರಿಯೂತವನ್ನು ಕೊಂಚ ತಗ್ಗಿಸಬಹುದೆಂದೂ, ಆದರೆ ಖಾತರಿಯಿಲ್ಲವೆಂದೂ ವೈದ್ಯರು ತಿಳಿಸಿದ್ದರು. ಅಂದಿನಿಂದ ದಿನವೂ ಹಸಿ ಬೆಳ್ಳುಳ್ಳಿ ಜಜ್ಜಿ, ತುಸು ಹೊತ್ತು ಬಿಟ್ಟು ತಿನ್ನುವರು. "ಜಜ್ಜಿದ್ಮೇಲೆ ಗುಣ ಬರ್ಬೇಕಾದ್ರೆ ಕಾಯ್ಬೇಕು ಕಣ್ರೀ," ಎನ್ನುವರು.

ಒಮ್ಮೆ ಮೂಗೂರಿನ ಮದುವಣಗಿತ್ತಿಯೊಬ್ಬಳು ಅಳತೆ ಕೊಡುತ್ತಾ ಮುಖ ತಿರುಗಿಸಿ, "ಒಸಿ ದೂರ ನಿಂತ್ಕಳಕ್ಕಾ, ಒಳ್ಳೆ ಒಗ್ಗರಣೆ ಡಬ್ಬಿ!" ಎಂದು ನಕ್ಕಳು. ದರ್ಜಿಯೂ ನಕ್ಕರು.

ಮರುದಿನದಿಂದ ಬಂದವರಿಗೆಲ್ಲ ಒಂದೇ ಮಾತು: "ಅಳ್ತೆಗೊಂದು ಹಳೇ ರವಿಕೆ ಕೊಟ್ಟೋಗಿ, ಸಾಕು."

ಬೆಳ್ಳುಳ್ಳಿಯನ್ನು ಬಿಡಲಿಲ್ಲ. ಸಂಜೆ ಟೇಪನ್ನು ತಮ್ಮದೇ ನಡುವಿಗೆ ಸುತ್ತಿ ನೋಡಿ, ಖಾಲಿ ಅಂಗಡಿಗೆ ಹೇಳುವರು: "ಕಾಯ್ಬೇಕು ಕಣ್ರೀ."