“ನೋಡಿದ್ರೇನ್ರಿ, ಸರ?”

2016ನೆಯ ಇಸವಿ, ನನಗಾಗ ನಲವತ್ತೆರಡು ವರ್ಷ. ಆ ಜೂನ್ ತಿಂಗಳ ಒಂದು ಬೆಳಗ್ಗೆ, ಬಳ್ಳಾರಿಯ ಗಾಂಧಿನಗರದಲ್ಲಿ ನಿಂತಿದ್ದ ನಮ್ಮ ಶಾಲಾ ಬಸ್ಸಿನ ಗಾಜಿನಾಚೆ ಒಂದು ಬಲಗೈ ಭುಜದೆತ್ತರಕ್ಕೆ ಎದ್ದು ನಿಂತಿತು. ಎಣ್ಣೆಯ ಕಪ್ಪು ಅದರ ಗೆರೆಗಳೊಳಗೆ ಇಳಿದಿತ್ತು; ತೋರುಬೆರಳಿನ ಉಗುರು ಸೀಳಿತ್ತು. ಕೈಯಲ್ಲಿ ಎರಡು ಮರದ ತುಂಡುಗಳು, ಒಂದೊಂದಕ್ಕೂ ಗೇಣುದ್ದದ ಕೆಂಪು ಬಟ್ಟೆಯ ಪಟ್ಟಿ. ಹೊರಡುವ ಹೊತ್ತು ಮೀರುತ್ತಿತ್ತು. ಕೈ ಇಳಿಯಲಿಲ್ಲ.

“ನೋಡಿದ್ರೇನ್ರಿ, ಸರ?”

“ಏನನ್ನು?”

“ಗಾಲಿಗೆ ಕೊಟ್ಟ ಕಟ್ಟಿಗಿ. ಎರಡೂ ತಗದೀನಿ.”

“ತೆಗೆದಿದ್ದರೆ ಹೊರಡಿ.”

“ಹಂಗಲ್ರಿ. ನೋಡೀನಿ ಅಂತ ತಲಿ ಅಲ್ಲಾಡಿಸ್ರಿ. ಆಮ್ಯಾಲ ಹೊಂಡಾದು.”

ತಲೆ ಅಲ್ಲಾಡಿಸಿದೆ. ಬಸ್ಸು ಹೊರಟಿತು.

ಹೊಸ ಚಾಲಕರು ವಾಯುಪಡೆಯಿಂದ ನಿವೃತ್ತರಾದವರು ಎಂದು ಆಡಳಿತ ಮಂಡಳಿಯವರು ತಿಳಿಸಿದ್ದರು. ಸಿರಿಗೇರಿಯವರು, ಬಳ್ಳಾರಿಯಲ್ಲಿ ಬಾಡಿಗೆ ಮನೆ ಮಾಡಿದ್ದರು. ನಮ್ಮ ಶಾಲೆ ಇದ್ದುದು ಕುರುಗೋಡಿನಲ್ಲಿ. ಅಲ್ಲಿ ಕನ್ನಡ ಬೋಧಿಸುತ್ತಿದ್ದ ನನಗೆ ಬಸ್ಸಿನ ಮೇಲ್ವಿಚಾರಣೆಯನ್ನೂ ವಹಿಸಲಾಗಿತ್ತು. ಆದ್ದರಿಂದ ಮುಂದಿನ ಆಸನ ನನ್ನದು, ದಿನವೂ ತಲೆ ಅಲ್ಲಾಡಿಸುವ ಕೆಲಸವೂ ನನ್ನದೇ ಆಯಿತು. ವಿಭಕ್ತಿ ಪ್ರತ್ಯಯ ತಪ್ಪಿದ ಹುಡುಗನನ್ನು ಮೂರು ಸಲ ಬರೆಯಿಸದೆ ಬಿಡದ ನನಗೂ ಈ ಆಚಾರ ಮೊದಮೊದಲು ಅತಿ ಎನಿಸಿತು. ಮಕ್ಕಳಂತೂ ಪೆನ್ಸಿಲ್ಲು, ಬುತ್ತಿ ಡಬ್ಬಿ, ಕಳಚಿದ ಬೂಟು, ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿಹಿಡಿದು “ನೋಡಿದ್ರೇನ್ರಿ?” ಎಂದು ಅಣಕಿಸುತ್ತಿದ್ದರು. ಚಾಲಕರು ಸಿಟ್ಟಾಗದೆ ಪ್ರತಿಯೊಂದಕ್ಕೂ ತಲೆ ಅಲ್ಲಾಡಿಸುತ್ತಿದ್ದರು.

“ಅಂಕಲ್, ನೀವು ವಿಮಾನ ಓಡ್ಸೀರೇನು?” ಎಂದು ಒಬ್ಬಳು ಕೇಳಿದಳು.

“ಇಲ್ಲವ್ವಾ. ಓಡ್ಸೋರ್ನ ಕುಂದ್ರಿಸಿ ಇಳದು ಬಂದಾಂವ.”

ಮನೆಯಲ್ಲಿಯೂ ಅದೇ ರೂಢಿ. ಒಮ್ಮೆ ಚಹಾಕ್ಕೆ ಕರೆದಿದ್ದರು. ಗ್ಯಾಸಿನ ಸಿಲಿಂಡರು ಬದಲಿಸಿ, ಹೊಸದರಿಂದ ತೆಗೆದ ಮುಚ್ಚಳವನ್ನು ಹೆಂಡತಿಯ ಮುಂದೆ ಎತ್ತಿ ನಿಂತರು. ಆಕೆ ಸಿರುಗುಪ್ಪದ ಮಗಳು, ಮಾತು ಚುರುಕು. “ನೋಡೀನಿ, ಕೈ ಇಳಸ್ರಿ. ಸರ, ನನ್ನ ಮದಿವಿ ಈ ಮನುಷ್ಯಾನ ಜೋಡಿ ಆಗಿಲ್ರಿ, ಈ ಕೈ ಜೋಡಿ ಆಗೇತಿ” ಎಂದರು. ಗಂಡ ನಗುತ್ತ ನನಗೆ ಹೇಳಿದರು: “ನಾವು ತೋರ್ಸಾದು ದೊಡ್ಡದಲ್ರಿ. ನೋಡಾಂವ ನೋಡ್ಬೇಕು.”

ಹಳ್ಳಿಯ ಮಕ್ಕಳನ್ನು ಬಿಡಲು ಬಸ್ಸು ಸಿರಿಗೇರಿಯಿಂದ ಸಿರುಗುಪ್ಪದ ಕಡೆಗೆ ಹೋಗುವಾಗ ದಾರಿಯ ಗದ್ದೆಗಳ ಮೇಲೆ ಎಂದಾದರೊಮ್ಮೆ ಯುದ್ಧವಿಮಾನ ತೀರ ಕೆಳಗೆ ಹಾದುಹೋಗುತ್ತಿತ್ತು. ಮಕ್ಕಳು ಕೂಗುತ್ತ ಕಿಟಕಿಗಳಿಗೆ ಮುಗಿಬೀಳುತ್ತಿದ್ದರು. ಅವರು ಬಸ್ಸನ್ನು ಬದಿಗೆ ನಿಲ್ಲಿಸಿ, ಸದ್ದು ಪೂರ್ತಿ ಅಡಗುವವರೆಗೆ ಸ್ಟೇರಿಂಗ್ ಚಕ್ರವನ್ನೇ ನೋಡುತ್ತ ಕುಳಿತಿರುತ್ತಿದ್ದರು. ಅವರು ಆಕಾಶ ನೋಡಿದ್ದನ್ನು ನಾನು ಕಾಣೆ.

ಮರುವರ್ಷ ಮುಖ್ಯೋಪಾಧ್ಯಾಯಿನಿಯವರು ಮಕ್ಕಳನ್ನು ಬೆಂಗಳೂರಿನ ವೈಮಾನಿಕ ಪ್ರದರ್ಶನಕ್ಕೆ ಕರೆದೊಯ್ಯಲು ನಿಶ್ಚಯಿಸಿದರು. ವಾಯುಪಡೆಯಲ್ಲಿದ್ದವರೇ ಚಾಲಕರಾಗಿರುವಾಗ ಇದಕ್ಕಿಂತ ಅನುಕೂಲವೇನು ಎಂಬುದು ಅವರ ಎಣಿಕೆ.

“ಎಲ್ಲಿಗಾರ ಹೊಡೀತೀನ್ರಿ ಮೇಡಂ. ಅಲ್ಲಿಗೆ ಬ್ಯಾಡ” ಎಂದರು ಇವರು.

“ಕಾರಣ ಹೇಳಬೇಕಲ್ಲ?”

“ಬೇರೆ ಡ್ರೈವರ್‌ನ ನೋಡ್ಕೊಳ್ರಿ.”

ಆ ಸಂಜೆ ಮಕ್ಕಳಿಗಾಗಿ ಕಾಯುತ್ತ ಖಾಲಿ ಬಸ್ಸಿನಲ್ಲಿ ಇಬ್ಬರೇ ಕುಳಿತಿದ್ದೆವು. ಎದುರಿಗೆ ಕುರುಗೋಡಿನ ಕಲ್ಲುಬೆಟ್ಟ ಇನ್ನೂ ಕಾವು ಉಗುಳುತ್ತಿತ್ತು. ನಾನು ಕೇಳಲಿಲ್ಲ, ಅವರೇ ಆರಂಭಿಸಿದರು.

“ಸರ, ವಿಮಾನ ಓಡ್ಸೋ ಸಾಹೇಬ್ರು ಕುಂದ್ರೋ ಕುರ್ಚಿ ತಳಗ ಸಿಡಿಮದ್ದು ಇರ್ತೈತಿ. ಏನಾರ ಆತಂದ್ರ ಹಿಡಿ ಜಗ್ಗಿದ್ರ ಸಾಕು, ಕುರ್ಚಿ ಸಮೇತ ಹೊರಗ ಒಗೀತೈತಿ. ನೆಲದ ಮ್ಯಾಲ ಇದ್ದಾಗ ಅದು ಹಾರಬಾರದಂತ ಪಿನ್ ಹಾಕಿರ್ತೀವಿ, ಕೆಂಪು ಪಟ್ಟಿ ಕಟ್ಟಿ. ಹಾರಾಕ ಮುಂಚಿ ಎಲ್ಲಾ ತಗದು ಕೈ ಎತ್ತಿ ತೋರಿಸ್ಬೇಕು. ಅವರು ಎಣಿಸಿ ತಲಿ ಅಲ್ಲಾಡಿಸ್ಬೇಕು. ಒಂದು ಉಳೀತಂದ್ರ, ಜಗ್ಗಿದ್ರೂ ಕುರ್ಚಿ ಅಲ್ಲೇ.”

ಅವರು ಸೇವೆಯಲ್ಲಿದ್ದಾಗ ಕೆಲವು ದೇಶಗಳ ವಾಯುಪಡೆಗಳು ನಮ್ಮ ನೆಲೆಯೊಂದರಲ್ಲಿ ಕೂಡಿ ನಡೆಸಿದ ತಾಲೀಮು ಅದು. ಒಂದು ದೇಶದ ವಿಮಾನಕ್ಕೆ ಇನ್ನೊಂದು ದೇಶದ ತಂತ್ರಜ್ಞರೂ ಕೈಗೂಡಿಸಿ ಕೆಲಸ ಕಲಿಯುವುದು ಅಲ್ಲಿಯ ಪದ್ಧತಿ. ಹೀಗೆ ಇವರ ಜೊತೆಗೆ ಅತಿಥಿ ದೇಶದ ಮೆಕ್ಯಾನಿಕನೊಬ್ಬನಿದ್ದ. ಕೊನೆಯ ದಿನ ಜನರಿಗಾಗಿ ಪ್ರದರ್ಶನ. ಹಿಂದಿನ ಸಂಜೆ ಎರಡೂ ಕಡೆಯವರು ಸಮವಸ್ತ್ರದ ತೋಳಿಗೆ ಹಚ್ಚುವ ಬಟ್ಟೆಯ ಬಿಲ್ಲೆಗಳನ್ನು ಅದಲುಬದಲು ಮಾಡಿಕೊಂಡಿದ್ದರು.

“ಏಣಿ ಮ್ಯಾಲ ನಿಂತು ಪಿನ್ ಎತ್ತಿ ಹಿಡಿದೆ. ಆಗ ಬಾಜೂ ವಿಮಾನ ಚಾಲೂ ಆತು. ಧೂಳು ಕಣ್ಣಾಗ ಬಿತ್ತು. ಕಣ್ಣು ಬಿಟ್ಟು ನೋಡ್ತೀನಿ, ಸಾಹೇಬ್ರ ಮಾರಿ ಆ ಕಡಿ ತಿರಿಗಿತ್ತು. ಟೈಮ್ ಆಗಿತ್ತು. ನೋಡಿರ್ತಾರ ಅಂತ ಅಂದ್ಕೊಂಡು ಪಿನ್ ಚೀಲ ಒಳಗ ಕೊಟ್ಟು ಏಣಿ ಇಳದೆ.”

ವಿಮಾನ ಜನರ ಕಣ್ಣೆದುರಿಗೇ ಬಿತ್ತು. ವೈಮಾನಿಕ ಹೊರಗೆ ಬರಲಿಲ್ಲ. ಪಿನ್ನುಗಳ ಚೀಲ ಒಳಗೇ ಇತ್ತು. ಎಲ್ಲ ಸುಟ್ಟು ಕರಗಿದ್ದರಿಂದ ಆಸನದ ವಿಷಯ ಖಚಿತವಾಗಿ ಹೇಳಲಾಗದು, ನೆಲದ ಸಿಬ್ಬಂದಿಯ ದೋಷ ಸಾಬೀತಾಗಿಲ್ಲ ಎಂದು ವಿಚಾರಣೆ ಮುಗಿಯಿತು. ಅತಿಥಿ ಮೆಕ್ಯಾನಿಕ್ ಮರುದಿನವೇ ತನ್ನ ತಂಡದೊಂದಿಗೆ ದೇಶಕ್ಕೆ ಮರಳಿದ್ದ. ಅವನನ್ನು ಯಾರೂ ಕೇಳಲಿಲ್ಲ.

“ಸಾಹೇಬ್ರ ತಾಯಿ ಬಂದಿದ್ರು, ಸರ. ನನ್ನ ಈ ಕೈ ಹಿಡಕೊಂಡು, ನನ್ನ ಮಗನ್ನ ಕಡೀಗೆ ನೋಡಿದಾಂವ ನೀನು ಅಂದ್ರು. ನಾ ಎಲ್ಲಿ ನೋಡಿದ್ದೆ?”

ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಬಂದು ತುಂಬಿಕೊಂಡರು. ಚಾಲಕರು ಇಳಿದು ಹೋಗಿ ಮರದ ತುಂಡುಗಳನ್ನು ಎತ್ತಿ ಹಿಡಿದರು. ಅಂದಿನಿಂದ ನಾನು ನಿಜವಾಗಿಯೂ ನೋಡಿ ತಲೆ ಅಲ್ಲಾಡಿಸತೊಡಗಿದೆ.

ವರ್ಷಗಳು ಉರುಳಿದವು. 2024ರಲ್ಲಿ ಅಂಥದೇ ತಾಲೀಮು ದಕ್ಷಿಣದ ನೆಲೆಯೊಂದರಲ್ಲಿ ಮತ್ತೆ ನಡೆಯುವುದೆಂದೂ ಅದೇ ದೇಶದವರು ಬರುವರೆಂದೂ ಪತ್ರಿಕೆಯಲ್ಲಿ ಓದಿ ಅವರಿಗೆ ಹೇಳಿದೆ. ಮೂರನೆಯ ದಿನ ಗಾಂಧಿನಗರದಲ್ಲಿ ನನ್ನನ್ನು ಇಳಿಸುವಾಗ, “ಇಂಗ್ಲಿಷ್ ಚಲೋ ಬರಾಂವ ಒಬ್ಬ ಬೇಕಾಗಿತ್ತು” ಎಂದರು.

“ನಾನು ಕನ್ನಡದ ಮೇಷ್ಟ್ರು.”

“ನೀವು ಯಾವ ಭಾಷಿನೂ ತಪ್ಪು ಮಾತಾಡಂಗಿಲ್ಲ ಅಂತ ಸಾಲ್ಯಾಗ ಎಲ್ಲಾರಿಗೂ ಗೊತ್ತೈತಿ. ನಡ್ರಿ.”

ಸಾರ್ವಜನಿಕರನ್ನು ಒಳಬಿಡುವ ದಿನ ಹೋದೆವು. ನೆತ್ತಿಯ ಮೇಲೆ ವಿಮಾನಗಳು ಬಾನನ್ನು ಸೀಳುತ್ತಿದ್ದವು; ಸುತ್ತ ಜನ ಮಕ್ಕಳನ್ನು ಹೆಗಲಿಗೇರಿಸಿಕೊಂಡು ಫೋನು ಎತ್ತಿ ಹಿಡಿದಿದ್ದರು. ಅವರು ನೆಲ ನೋಡುತ್ತ, ನನ್ನ ಅಂಗಿಯ ತೋಳು ಹಿಡಿದುಕೊಂಡು ನಡೆದರು. ಆ ದೇಶದವರು ನಿಂತಿದ್ದ ಕಡೆ ಅವರು ಜೋಪಾನ ಮಾಡಿದ್ದ ಹಳೆಯ ಬಿಲ್ಲೆಯನ್ನು ತೋರಿಸಿ, ಆ ಅತಿಥಿ ಮೆಕ್ಯಾನಿಕನ ಹೆಸರು ಹೇಳಿದೆವು. ಒಬ್ಬ ತರುಣಿ ಅದನ್ನು ಗುರುತಿಸಿದಳು. ನಾವು ಹುಡುಕುತ್ತಿದ್ದವನು ನಿವೃತ್ತನಾಗಿದ್ದ, ಆದರೆ ಬದುಕಿದ್ದ. ಆಕೆ ನನ್ನ ಫೋನಿನ ಸಂಖ್ಯೆ ತೆಗೆದುಕೊಂಡಳು.

ವಾರ ಕಳೆದ ಮೇಲೆ, ಶಾಲೆ ಬಿಟ್ಟ ಹೊತ್ತಿನಲ್ಲಿ, ಫೋನಿನ ತೆರೆಯ ಮೇಲೆ ಬೋಳುತಲೆಯ ಮುದುಕನೊಬ್ಬ ಕಾಣಿಸಿಕೊಂಡ. ಇವರನ್ನು ಕಂಡೊಡನೆ ಕಣ್ಣೊರೆಸಿಕೊಂಡ. ವೈಮಾನಿಕರು ಅಂದು ಪಿನ್ನುಗಳನ್ನು ನೋಡಿದರೇ ಎಂಬ ಪ್ರಶ್ನೆಯನ್ನು ನಾನು ಎರಡು ಬಾರಿ ಬಿಡಿಬಿಡಿಯಾಗಿ ಕೇಳಿದೆ. ಅವನ ಉತ್ತರವನ್ನು ಒಂದೂ ಪದ ಕೂಡಿಸದೆ, ಒಂದೂ ಪದ ಬಿಡದೆ ಕನ್ನಡಿಸಿ ಹೇಳಿದೆ:

“ನೀನು ಕಣ್ಣು ಮುಚ್ಚಿದ್ದೆ. ಅವರು ನಿನ್ನ ಕೈಯನ್ನು ನೋಡಿದರು, ಬೆರಳು ಮಾಡಿ ಪಿನ್ನುಗಳನ್ನು ಎಣಿಸಿದರು. ನೀನು ನೋಡುತ್ತಿಲ್ಲವೆಂದು ನನ್ನ ಕಡೆಗೆ ತಿರುಗಿ ಹೆಬ್ಬೆರಳು ಎತ್ತಿದರು. ನಮ್ಮಲ್ಲಿ ತಲೆ ಅಲ್ಲಾಡಿಸುವುದಿಲ್ಲ, ಹೆಬ್ಬೆರಳೇ ಎತ್ತುವುದು. ವಾರವಿಡೀ ನನ್ನನ್ನು ನಗಿಸಲು ಹಾಗೆಯೇ ಮಾಡುತ್ತಿದ್ದರು. ಎಲ್ಲವೂ ಸರಿಯಾಗಿತ್ತು.”

ಫೋನು ಆರಿದ ಮೇಲೆ ನಾನು ಸಂತೋಷದ ಮಾತಿಗೆ ಕಾದೆ. ಅವರು ಜಗಲಿಯ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ತಮ್ಮ ಬಲಗೈಯನ್ನು ತಿರುವಿ ತಿರುವಿ ನೋಡಿಕೊಂಡರು.

“ಪಿನ್ ಅಲ್ಲ ಅಂತಾತು” ಎಂದರು. “ಹಂಗಾರ ಅವರ್ಯಾಕ ಬರ್ಲಿಲ್ರಿ, ಸರ?”

ಅವರು ಕೈಯನ್ನು ತೊಡೆಯ ಮೇಲೆ ಇಳಿಸಿಕೊಂಡರು.

“ಇಷ್ಟು ವರ್ಷ ನನ್ನಿಂದ ಸತ್ರು ಅಂದ್ಕೊಂಡಿದ್ದೆ. ಅದಕ್ಕೊಂದು ಕಾರಣ ಇತ್ತು. ಈಗ ಅದೂ ಇಲ್ಲ.”

ಮರುದಿನ ಬೆಳಗ್ಗೆ ಎಂದಿನಂತೆ ಗಾಜಿನಾಚೆ ಕೈ ಎದ್ದಿತು. ಅವರ ಮನಸ್ಸನ್ನು ಹಗುರಗೊಳಿಸುವ ಉದ್ದೇಶದಿಂದ ನಾನು ಹೆಬ್ಬೆರಳು ಎತ್ತಿದೆ. ಅವರು ಕೈ ಇಳಿಸಲಿಲ್ಲ.

“ಬ್ಯಾಡ್ರಿ, ಸರ. ತಲೀನ ಅಲ್ಲಾಡಿಸ್ರಿ.”

ಆಮೇಲೆ ಅವರು ಬೇಗ ಸೊರಗಿದರು. ದಾರಿಯಲ್ಲಿ ಮಾತು ಕಡಿಮೆಯಾಯಿತು. ಮಕ್ಕಳು ಅಣಕಿಸುವುದನ್ನು ತಾವಾಗಿ ಬಿಟ್ಟರು. ಹೊಸ ವರ್ಷದಲ್ಲಿ ಕೆಲಸ ಬಿಟ್ಟು ಸಿರಿಗೇರಿಗೆ ಹೋದರು. ಹೃದಯ ದೊಡ್ಡದಾಗಿದೆ ಎಂದು ವೈದ್ಯರು ಹೇಳಿದ್ದರಂತೆ. ಒಂದು ಬೆಳಗ್ಗೆ ಅವರ ಹೆಂಡತಿ ಫೋನು ಮಾಡಿ, “ಇವ್ರು ಹೋದ್ರು ಸರ” ಎಂದಷ್ಟೇ ಹೇಳಿದರು.

ನಾನು ಸಿರಿಗೇರಿ ಮುಟ್ಟುವ ಹೊತ್ತಿಗೆ ಗುಂಡಿಯ ಬಳಿ ಎಲ್ಲ ಸಿದ್ಧವಾಗಿತ್ತು. ಹಿರಿಯರೊಬ್ಬರು, “ಮಾರಿ ನೋಡೋರು ನೋಡ್ಕೊಳ್ರಿ, ಮುಚ್ಚತೀವಿ” ಎಂದು ಕೂಗಿದರು. ಜನ ಸರಿದು ದಾರಿ ಬಿಟ್ಟರು. ಕ್ಷೌರ ಮಾಡಿಸಿದ್ದ ಮುಖ, ಮುಚ್ಚಿದ ಕಣ್ಣುಗಳು. ಸೀಳಿದ ಉಗುರಿನ ಬಲಗೈಯನ್ನು ಎದೆಯ ಮೇಲೆ ಮಡಚಿಟ್ಟಿದ್ದರು. ನಾನು ಅವಸರ ಮಾಡಲಿಲ್ಲ. ಯಾರೋ ಹಿಂದಿನಿಂದ ಸಲಿಕೆಯನ್ನು ಎಳೆದುಕೊಂಡ ಸದ್ದಾಯಿತು.

ದೂರದಿಂದ ಬಂದವರಿಗೆ ನೋಡಲು ಸಿಕ್ಕಿತೋ ಇಲ್ಲವೋ ಎಂಬ ಚಿಂತೆ ಅವರ ಹೆಂಡತಿಗೆ. ಪಕ್ಕಕ್ಕೆ ಬಂದು, ಸೆರಗಿನಿಂದ ಬಾಯಿ ಒತ್ತಿಕೊಂಡೇ ಕೇಳಿದರು: “ನೋಡಿದ್ರೇನ್ರಿ, ಸರ?”

ಧೂಳೆದ್ದಿತ್ತು. ಕಣ್ಣು ಮುಚ್ಚದೆ ನೋಡಿದೆ. ಆಮೇಲೆ ತಲೆ ಅಲ್ಲಾಡಿಸಿದೆ, ಮಣ್ಣು ಬಿತ್ತು. ಅಂದು 2025ನೆಯ ಇಸವಿ, ಫೆಬ್ರುವರಿ ತಿಂಗಳ ಹದಿನೇಳನೆಯ ತಾರೀಖು, ಸೋಮವಾರ.