ಅಂಗಡಿ ಕ್ಯಾಲೆಂಡರಿನ ಇದ್ದತ್

ನನ್ನ ತಂಗಿ ಸಾಯುವ ಮೊದಲು ನಾನು ಅವಳ ಮುಖ ನೋಡಲಿಲ್ಲ. ಧರ್ಮ ಬಿಡಲಿಲ್ಲ ಅಂತ ಕೆಲವರು ಹೇಳುತ್ತಾರೆ, ಮನೆಯವರು ಬಿಡಲಿಲ್ಲ ಅಂತ ಇನ್ನು ಕೆಲವರು. ಎರಡೂ ಸುಳ್ಳು. ಅಡ್ಡ ಬಂದದ್ದು ಒಂದು ಕ್ಯಾಲೆಂಡರು. ನನ್ನ ಮಗನ ವೆಲ್ಡಿಂಗ್ ಅಂಗಡಿಯಲ್ಲಿ ನೇತು ಹಾಕಿದ್ದು, ಯಾರೋ ಪುಕ್ಕಟೆ ಕೊಟ್ಟದ್ದು.

ಅವಳು ಹೋದ ಮೇಲೆ ಹಾಸನದಲ್ಲಿ ಸಭೆ ಮಾಡಿದರು. ಇಸ್ಲಾಮಿನಲ್ಲಿ ಹೆಣ್ಣುಮಕ್ಕಳ ವಿಚಾರ ಓದಿದ ದೊಡ್ಡ ವಿದ್ವಾಂಸೆ ಅಂದರಂತೆ. ಇರಬಹುದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅವಳ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಒಂದೊಂದು ಪುಟ ದಾಟುವಷ್ಟರಲ್ಲಿ ಸಾಕಾಗುತ್ತದೆ. ನನಗೆ ಅವಳು ಗೊತ್ತು, ಅಷ್ಟೇ.

ನಾವು ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಿ. ಅಪ್ಪ ಸುತ್ತಲ ಹಳ್ಳಿಗಳಿಂದ ತೆಂಗಿನಕಾಯಿ ತಂದು ಕೊಬ್ಬರಿ ಮಾಡಿ ಮಾರುತ್ತಿದ್ದರು. ಮನೆಮಾತು ಉರ್ದು. ಆದರೆ ತಂಗಿಯೂ ನಾನೂ ಜಗಳ ಆಡುತ್ತಿದ್ದುದು ಕನ್ನಡದಲ್ಲಿ, ಬೈಗುಳ ಅಮ್ಮನಿಗೆ ಪೂರ್ತಿ ತಿಳಿಯದಿರಲಿ ಅಂತ. ಜಗಳವೇ ಜಾಸ್ತಿ ಇದ್ದುದರಿಂದ ಕೊನೆತನಕ ನಮ್ಮಿಬ್ಬರ ನಡುವೆ ಕನ್ನಡವೇ ಉಳಿಯಿತು.

ಓಣಿಯ ತುದಿಯ ಮನೆಯಲ್ಲಿ ಒಬ್ಬ ಮುದುಕಿ ಹುಡುಗಿಯರಿಗೆ ಕುರಾನು ಓದಿಸುತ್ತಿದ್ದಳು. ನಾನು ಗಡಗಡ ಓದಿ ಮುಗಿಸಿ ಆಟಕ್ಕೆ ಓಡುತ್ತಿದ್ದೆ. ತಂಗಿ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡು ಕೂರುತ್ತಿದ್ದಳು. ಇದಕ್ಕೆ ಅರ್ಥ ಏನು ಅಂತ ಕೇಳುವುದು, ಬೀಸಣಿಗೆಯ ಹಿಡಿಯಿಂದ ಏಟು ತಿನ್ನುವುದು, ಮರುದಿನ ಮತ್ತೆ ಕೇಳುವುದು. ಕೊನೆಗೆ ಆ ಮುದುಕಿಯೇ ಸೋತು, "ನಂಗೂ ಗೊತ್ತಿಲ್ಲ ಕಣೇ, ನಂಗೂ ಯಾರೂ ಏಳ್ಲಿಲ್ಲ" ಅಂದಳು. ಆ ಮಾತು ಹೇಳಿ ಮುದುಕಿ ಅತ್ತಳು. ನನಗೆ ಆಗ ನಗು ಬಂದಿತ್ತು.

ನನ್ನನ್ನು ಹೊಳೆನರಸೀಪುರಕ್ಕೆ ಕೊಟ್ಟರು. ಗಂಡನದು ಕಬ್ಬಿಣದ ಗೇಟು, ಕಿಟಕಿ ಮಾಡುವ ಕೆಲಸ. ತಂಗಿ ಮದುವೆ ಬೇಡ ಅಂದಳು. ಹಾಸನದಲ್ಲಿ ಓದಿ, ಮೈಸೂರಿನಲ್ಲಿ ಓದಿ, ಹಾಸನಕ್ಕೇ ವಾಪಸ್ ಬಂದು ಕಾಲೇಜಿನಲ್ಲಿ ಪಾಠ ಹೇಳಿದಳು. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಯಾವುದಾದರೂ ಊರಿಗೆ ಹೋಗಿ ಮುಸ್ಲಿಂ ಮನೆಗಳ ಅಡುಗೆಕೋಣೆಯಲ್ಲಿ ಕೂರುತ್ತಿದ್ದಳು. ಪಡಸಾಲೆಯಲ್ಲಿ ಕುರ್ಚಿ ಹಾಕಿದರೂ ಕೂರುತ್ತಿರಲಿಲ್ಲ. ಅಲ್ಲಿ ಗಂಡಸರು ಉತ್ತರ ಹೇಳುತ್ತಾರೆ ಅನ್ನುತ್ತಿದ್ದಳು.

ಒಂದು ಸಲ ನನ್ನನ್ನೂ ಅರಕಲಗೂಡಿಗೆ ಎಳೆದುಕೊಂಡು ಹೋದಳು. ಶುಂಠಿ ವ್ಯಾಪಾರದ ಮನೆ. ಹೆಂಗಸರೆಲ್ಲ ಸುತ್ತ ಕೂತು ಶುಂಠಿಯ ಮಣ್ಣು ಉಜ್ಜುತ್ತಿದ್ದರು. ಇವಳೂ ಸೆರಗು ಸಿಕ್ಕಿಸಿ ಕೂತಳು. ಮಾತು ಇದ್ದತ್ತಿನ ಮೇಲೆ ಬಂತು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು, ಹೊಸ ಬಟ್ಟೆ ಒಡವೆ ಇಲ್ಲ, ಅದೇ ಇದ್ದತ್. ಆ ಮನೆಯ ಹಿರಿಯಜ್ಜಿ, "ಆಗ ಆಕಾಸ ನೋಡ್ಬಾರ್ದು ಕಣವ್ವ" ಅಂದಳು.

"ಯಾರು ಏಳಿದ್ದು ಅಜ್ಜಿ?" ಅಂದಳು ತಂಗಿ.

"ಯಾರು ಅಂದ್ರೆ? ನಮ್ಮತ್ತೆ."

"ಅವ್ರಿಗೆ?"

"ಅವ್ರತ್ತೆ."

"ಅವ್ರಿಗೆ?"

"ಏನೇ ನೀನು, ಪೋಲೀಸ್ನೋಳಾ? ನಮ್ಮತ್ತೇನ ಟೇಸನ್ನಿಗೆ ಎಳ್ಕೊಂಡೋಗ್ತೀಯಾ? ಓಗು, ಎಳ್ಕೊಂಡೋಗು. ಅವ್ರು ಬದುಕಿದ್ದಾಗ್ಲೇ ಯಾರಾದ್ರೂ ಎಳ್ಕೊಂಡೋಗ್ಲಿ ಅಂತಿದ್ದೆ."

ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಆ ಅಜ್ಜಿ ತಾನಾಗಿಯೇ ನೆನೆಸಿಕೊಂಡು ಹೇಳಿದಳು. ಅತ್ತೆಯ ಅತ್ತೆಯ ಕಾಲದಲ್ಲಿ ಆ ಮನೆಯ ಎಳೇ ಸೊಸೆಯೊಬ್ಬಳ ಗಂಡ ತೀರಿಕೊಂಡನಂತೆ. ಹಿತ್ತಲಲ್ಲಿ ಬಾವಿ ಇತ್ತು. ಹುಡುಗಿ ಎಲ್ಲಿ ಬಿದ್ದುಬಿಡುತ್ತಾಳೋ ಅಂತ ಭಯ. ಬಾವಿ ಕಡೆ ಹೋಗಬೇಡ ಅಂದರೆ ಅದನ್ನೇ ನೆನಪು ಮಾಡಿದ ಹಾಗಾಗುತ್ತದೆ. ಅದಕ್ಕೆ ಆಕಾಶ ನೋಡಬಾರದು, ಹಿತ್ತಲಿಗೆ ಬರಬಾರದು ಅಂದರಂತೆ. ಹುಡುಗಿ ಬದುಕಿಕೊಂಡಳು. ಮಾತು ಮಾತ್ರ ಮನೆಯಿಂದ ಮನೆಗೆ ಹೋಯಿತು. ಒಂದು ಬಾವಿಗೆ ಹೆದರಿ ಎಷ್ಟು ಹೆಂಗಸರ ಆಕಾಶ ಹೋಯಿತೋ.

ವಾಪಸ್ ಬರುವಾಗ ಬಸ್ಸಿನಲ್ಲಿ ತಂಗಿ ಹೇಳಿದಳು, "ಪೈಗಂಬರರ ಮಾತು ಬರ್ದಿಟ್ಟೋರು ಇಂಗೇ ಮಾಡ್ತಿದ್ರು ಕಣೇ ಅಕ್ಕ. ಇವ್ರಿಗೆ ಯಾರು ಏಳಿದ್ರು, ಅವ್ರಿಗೆ ಯಾರು ಏಳಿದ್ರು ಅಂತ ಸರಪಳಿ ಹಿಡ್ಕೊಂಡು ಓಗ್ತಿದ್ರು. ಆ ಸರಪಳೀಲಿ ಎಂಗಸ್ರೂ ಇದ್ರು, ಬತ್ತಾ ಬತ್ತಾ ಕಮ್ಮಿ ಆದ್ರು. ಅಡಿಗೆಮನೆ ಮಾತಿಗೆ ಯಾರೂ ಸರಪಳಿ ಹಿಡೀಲಿಲ್ಲ. ನಾನು ಹಿಡೀತಿದೀನಿ."

"ಹಿಡ್ಕೊಂಡು ಏನ್ ಮಾಡ್ತೀಯಾ?"

"ಎಲ್ಲಿ ತುಂಡಾಗೈತೆ ಅಂತ ನೋಡ್ತೀನಿ."

ಅವಳ ಜೀವಮಾನದ ಕೆಲಸ ನನಗೆ ತಿಳಿದಷ್ಟು ಇದೇ. ಇದಕ್ಕೆ ಎರಡು ಕಡೆಯಿಂದಲೂ ಬೈಸಿಕೊಂಡಳು. ಊರಿನ ಕೆಲವರು ಇವಳು ದೀನು-ಧರ್ಮ ಕೆಡಿಸುತ್ತಾಳೆ ಅಂದರು. ಬೆಂಗಳೂರಿನ ಸಭೆಗಳಲ್ಲಿ ಕೆಲವರು, ಇಷ್ಟು ಓದಿಯೂ ಐದು ಹೊತ್ತು ನಮಾಜ್ ಮಾಡುತ್ತಾಳಲ್ಲ ಅಂತ ಮೂಗು ಮುರಿದರು. ನನ್ನ ಗಂಡನದು ಬೇರೆಯೇ ತಕರಾರು. "ನಿನ್ನ ತಂಗಿ ಬಂದ್ರೆ ಮನೇಲಿ ಬಾಯಿ ಬಿಡಂಗಿಲ್ಲ. ಸಾರಿಗೆ ಉಪ್ಪು ಜಾಸ್ತಿ ಅಂದ್ರೂ ಯಾರು ಏಳಿದ್ದು ಅಂತಾಳೆ" ಅನ್ನುತ್ತಿದ್ದರು. ಅಂದರೂ ಅವಳು ಬರುವ ದಿನ ತಾವೇ ಹೋಗಿ ಹೊಳೆ ಮೀನು ತರುತ್ತಿದ್ದರು.

ಅವರು ಹೋದದ್ದು ರಂಜಾನಿನ ಚಂದ್ರ ಕಂಡ ಸಂಜೆ. ಬೀದಿಯಲ್ಲೆಲ್ಲ ಚಂದ್ರ ಕಂಡಿತು, ಚಂದ್ರ ಕಂಡಿತು ಅಂತ ಮಕ್ಕಳು ಕೂಗುತ್ತಿದ್ದಾಗ ಇವರು ಒಳಗೆ ಮಂಚದ ಮೇಲೆ ಉಸಿರು ಬಿಟ್ಟರು. ನಾನು ಇದ್ದತ್ತಿಗೆ ಕೂತೆ.

ತಂಗಿ ಚೀಲ ಹಿಡಿದುಕೊಂಡು ಬಂದು ನನ್ನ ಜೊತೆ ಕೂತಳು. ರಂಜಾನ್ ಪೂರ್ತಿ ಇದ್ದಳು. ಸಮಾಧಾನದ ಮಾತು ಒಂದೂ ಆಡಲಿಲ್ಲ, ಅದು ಅವಳಿಗೆ ಬರುತ್ತಲೂ ಇರಲಿಲ್ಲ. ಅವರೆಕಾಳು ಹಿದುಕುತ್ತಾ, ನನ್ನ ಗಂಡ ಗೊರಕೆ ಹೊಡೆಯುತ್ತಿದ್ದ ರೀತಿ ಮಾಡಿ ತೋರಿಸಿ ನಗಿಸುತ್ತಿದ್ದಳು. ಹಿತ್ತಲ ಬಾಗಿಲು ತೆಗೆದು, "ನೋಡೇ ಆಕಾಶಾನ, ಅಲ್ಲೇನೂ ಬಾವಿ ಇಲ್ಲ" ಅನ್ನುವಳು. ನಾನು ನೋಡಲಿಲ್ಲ. ಅರಕಲಗೂಡಿನ ಕಥೆ ಕೇಳಿಯೂ ನೋಡಲಿಲ್ಲ. ಕೇಳಿದ್ದು ಒಂದು, ಕತ್ತು ಎತ್ತುವುದು ಇನ್ನೊಂದು.

ಹಬ್ಬ ಮುಗಿಸಿ ಹಾಸನಕ್ಕೆ ಹೋದವಳಿಗೆ ಹೊಟ್ಟೆನೋವು ಅಂತ ಶುರುವಾಯಿತು. ಆಸ್ಪತ್ರೆಗೆ ಸೇರಿಸಿದರು. ಹೊಟ್ಟೆಯೊಳಗೆ ಗಡ್ಡೆ, ಕೈಮೀರಿದೆ ಅಂದರು. ಅವಳ ಹತ್ತಿರ ಓದಿದ ಹುಡುಗಿಯೊಬ್ಬಳು ಜೊತೆಗಿದ್ದು ನೋಡಿಕೊಂಡಳು. ದಿನವೂ ಫೋನು. ಹೊಳೆನರಸೀಪುರದಿಂದ ಹಾಸನಕ್ಕೆ ಬಸ್ಸಿನಲ್ಲಿ ಒಂದು ಗಂಟೆ ದಾರಿ. ನಾನು ಬಾಗಿಲ ಒಳಗೆ, ಅವಳು ಮಂಚದ ಮೇಲೆ.

"ಅಕ್ಕಾ, ಹಗಲೊತ್ತಲ್ಲಿ ಬಂದು ಸಂಜೆಗೆ ಮನೆ ಸೇರ್ಕೋಬೋದು ಕಣೇ. ಜರೂರಿದ್ರೆ ತಪ್ಪಿಲ್ಲ. ಪುಸ್ತಕದಲ್ಲಿ ಐತೆ" ಅಂದಳು ಒಂದು ದಿನ.

"ಪುಸ್ತಕ ನೀನೇ ಇಟ್ಕೋ. ಇನ್ನೇನು ಮುಗೀತಾ ಬಂತು. ಮುಗಿಸ್ಕೊಂಡೇ ಬತ್ತೀನಿ, ಬಂದು ಒಂದು ತಿಂಗಳು ಇರ್ತೀನಿ. ಅಲ್ಲೀಗಂಟ ನೀನೇನು ಓಡೋಗ್ತೀಯಾ?"

"ಓಡಕ್ಕೆ ಕಾಲೆಲ್ಲೈತೆ" ಅಂತ ನಕ್ಕಳು. ಆಮೇಲೆ, "ಬಾ ಅಂತ ನಾನು ಏಳಲ್ಲ. ನಾನು ಏಳ್ದೆ ಅಂತ ನೀನು ಬರೋದೂ ಬ್ಯಾಡ. ನಿಂಗೆ ಅನ್ನಿಸ್ದಾಗ ಬಾ" ಅಂದಳು.

ನನಗೆ ಅನ್ನಿಸುತ್ತಿತ್ತು. ಇವತ್ತಿಗೂ ಅನ್ನಿಸುತ್ತದೆ. ಆದರೆ ಐವತ್ತು ವರ್ಷ ಜೊತೆಗೆ ಬಾಳಿದ ಗಂಡನಿಗೆ ಕೊನೆಯದಾಗಿ ಮಾಡುವುದು ಇದೊಂದೇ, ಪೂರ್ತಿ ಮಾಡಿ ಏಳೋಣ ಅನ್ನಿಸಿತ್ತು. ಅದೂ ತಪ್ಪೇನಲ್ಲ.

ಬಾಬಯ್ಯನ ಹಬ್ಬದ ದಿನ, ಅಂದರೆ ಮೊಹರಂ ಹತ್ತರಂದು, ನಾನು ರೋಜಾ ಉಪವಾಸ ಇದ್ದೆ. ಸಂಜೆ ಅವಳ ಫೋನು ಬಂತು. ದನಿ ಇಳಿದುಹೋಗಿತ್ತು.

"ಅದೇನೇ ತಮಟೆ ಸದ್ದು?" ಅಂದಳು.

"ಬಾಬಯ್ಯನ ಅಬ್ಬ ಅಲ್ವೇನೇ. ಹುಲಿ ವೇಷದೋರು ಬೀದೀಲಿ ಕುಣೀತಾವ್ರೆ."

"ಕೇಳಿಸು."

ಫೋನನ್ನು ಕಿಟಕಿಯ ಸರಳಿಗೆ ಒತ್ತಿ ಹಿಡಿದೆ. ತಮಟೆಯವರು ದೂರ ಹೋಗುವ ತನಕ ಹಿಡಿದಿದ್ದೆ. ಚೆನ್ನಾಗೈತೆ ಅಂದಳು. ಎಂದು ಬತ್ತೀಯಾ ಅಂದಳು. ಇದ್ದತ್ ಮುಗಿಯುತ್ತದೆ ಅಂತ ಮಗ ಗುರುತು ಹಾಕಿದ್ದ ತಾರೀಖು ಹೇಳಿದೆ. ಹೂಂ ಅಂದಳು. ಅಷ್ಟೇ ನಮ್ಮ ಕೊನೆಯ ಮಾತು.

ನಡುವೆ ಒಂದು ದಿನ ಬಿಟ್ಟು ಮಾರನೇ ಬೆಳಿಗ್ಗೆ ಹೋಗಿಬಿಟ್ಟಳು. ಆ ಹುಡುಗಿ ಫೋನು ಮಾಡಿ ಅತ್ತಳು. ಮಗ ಓಡಿದ, ಮಧ್ಯಾಹ್ನದ ನಮಾಜ್ ಆದ ಮೇಲೆ ಮಣ್ಣು ಕೊಟ್ಟು ಬಂದ. ನಾನು ಬಾಗಿಲ ಒಳಗೇ ಕೂತು ಅವನು ಕಾಲು ತೊಳೆಯುವುದನ್ನು ನೋಡಿದೆ. ಪ್ಯಾಂಟಿನ ಮಡಿಕೆಯಲ್ಲಿ ಕೆಂಪು ಮಣ್ಣು ಇತ್ತು.

ಅದಾಗಿ ನಾಲ್ಕನೇ ದಿನ ನನ್ನ ಇದ್ದತ್ ಮುಗಿಯಿತು ಅಂದರು. ಸೊಸೆ ತಲೆಗೆ ನೀರು ಹಾಕಿದಳು, ಹೊಸ ಸೀರೆ ಉಡಿಸಿದಳು. ಬಂದವರು ಉಂಡು ಹೋದರು. ಸಂಜೆ ಮಗನನ್ನು ಕರೆದು, "ನಿನ್ನ ಚಿಕ್ಕಮ್ಮನ ನಲವತ್ತನೇ ದಿನ ಯಾವತ್ತು ಬತ್ತದೆ ನೋಡ್ಲಾ" ಅಂದೆ. ಅಂಗಡಿಯಿಂದ ಕ್ಯಾಲೆಂಡರು ತಂದು ಮೂಲೆಯ ಸಣ್ಣಕ್ಷರ ನೋಡಿ, "ಚಿಕ್ಕಮ್ಮ ತೀರ್ಕೊಂಡಿದ್ದು ಮೊಹರಂ ಅನ್ನೆರಡು" ಅಂತ ಶುರು ಮಾಡಿದ.

ಹನ್ನೆರಡು ಅಂದದ್ದೇ ತಡ, ನನ್ನ ಬೆರಳು ತಾನಾಗಿ ಮಡಿಚಿತು. ಗಂಡ ಹೋದದ್ದು ರಂಜಾನ್ ಚಂದ್ರ ಕಂಡ ಮೇಲೆ. ರಂಜಾನ್, ಶವ್ವಾಲ್, ಜಿಲ್ಕಾದ್, ಜಿಲ್‌ಹಜ್. ನಾಲ್ಕು ತಿಂಗಳು. ಆಮೇಲೆ ಮೊಹರಂ ಹತ್ತು.

"ನನ್ನ ಇದ್ದತ್ ಎಣಿಸಿದ್ದು ಯಾರು?" ಅಂದೆ.

ಸೊಸೆ ಗಂಡನ ಕಡೆ ಕೈ ತೋರಿಸಿದಳು. "ಇವ್ರು ಏಳಿದ್ರು ಅತ್ತೆ."

"ನಿಂಗ್ಯಾರು ಏಳಿದ್ರೋ?"

"ಯಾರೂ ಇಲ್ಲ ಕಣಮ್ಮ, ನಾನೇ. ಅಪ್ಪ ತೀರ್ಕೊಂಡ ತಾರೀಕಿಂದ ನಾಕು ಹಾಳೆ ತಿರುಗ್ಸಿ, ಮೇಲೆ ಹತ್ತು ದಿನದ ಮನೆ ಎಣಿಸಿ, ರೌಂಡ್ ಆಕ್ದೆ. ಯಾಕೆ?"

"ಇಂಗ್ಲಿಷ್ ತಿಂಗಳಾ?"

ಅವನಿಗೆ ಆಗ ಹೊಳೆಯಿತು. ಚಂದ್ರನ ತಿಂಗಳು ಗಿಡ್ಡ, ಕ್ಯಾಲೆಂಡರಿನದು ಉದ್ದ. ರೋಜಾ ಹಿಡಿಯುವುದು ಚಂದ್ರ ನೋಡಿ, ಗೇಟಿಗೆ ಅಡ್ವಾನ್ಸ್ ಬರೆದುಕೊಳ್ಳುವುದು ಕ್ಯಾಲೆಂಡರು ನೋಡಿ, ಹೀಗೆ ಎರಡನ್ನೂ ಇಟ್ಟುಕೊಂಡೇ ನಾವೆಲ್ಲ ಬದುಕುವುದು. ಅಪ್ಪ ಸತ್ತ ಸಂಕಟದಲ್ಲಿ ಅವನ ಕೈ ಅಂಗಡಿಯ ಅಭ್ಯಾಸದ ಮೇಲೆ ಹೋಗಿತ್ತು. ನಾನು ತಮಟೆ ಕೇಳಿಸಿದ ಸಂಜೆಯೇ ನನ್ನ ಇದ್ದತ್ ಮುಗಿದಿತ್ತು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದ್ದರೆ ಅವಳು ಬದುಕಿದ್ದಳು. ರೋಜಾ ಇದ್ದ ನನಗೆ ಹೊಳೆಯಲಿಲ್ಲ. ಊರೂರು ತಿರುಗಿ ಇದನ್ನೇ ಬರೆದ ಅವಳಿಗೂ ಹೊಳೆಯಲಿಲ್ಲವೋ, ಔಷಧಿಯ ಮಂಪರೋ, ಗೊತ್ತಿದ್ದೂ ಹೇಳಲಿಲ್ಲವೋ. ಇದನ್ನು ಕೇಳಲು ಈಗ ಅವಳೇ ಬೇಕು. ಯಾವುದನ್ನು ಕೇಳಬೇಕಾದರೂ ಅವಳೇ ಬೇಕು, ಅದೇ ತೊಂದರೆ. ಭಾನುವಾರ ಬಸ್ಸಿನ ಹಾರ್ನ್ ಆದರೆ ಈಗಲೂ ಟೀಗೆ ಒಂದು ಲೋಟ ನೀರು ಹೆಚ್ಚಿಗೆ ಒಲೆಗೆ ಇಡುತ್ತೇನೆ.

ಮಗ ಗೋಡೆಗೆ ತಲೆ ಒರಗಿಸಿಕೊಂಡು ಅತ್ತ. ಬೈದರೆ ಅವಳು ಬರುತ್ತಾಳೆಯೇ. "ಅಳಬ್ಯಾಡ, ಓಗಿ ಮುಖ ತೊಳ್ಕೋ" ಅಂದೆ.

ಮರುದಿನ ಬೆಳಿಗ್ಗೆ ಬುರ್ಖಾ ಹಾಕಿಕೊಂಡೆ. ಮಗ, "ನಾನ್ ಕರ್ಕೊಂಡೋಗ್ತೀನಿ ಇರಮ್ಮ" ಅಂದ. ಬೇಡ ಅಂದೆ. ಬಸ್ಸಿನಲ್ಲಿ ಕಂಡಕ್ಟರು ಆಧಾರ್ ನೋಡಿ ಫ್ರೀ ಟಿಕೆಟ್ ಹರಿದು, "ಬೆಳಿಗ್ಗೆ ಬೆಳಿಗ್ಗೇನೇ ಎಲ್ಲಿಗಜ್ಜಿ?" ಅಂದ. "ತಂಗಿ ಮನೆಗೆ" ಅಂದೆ. ಹಾಸನದಲ್ಲಿ ಇಳಿದು ಆಟೋದವನಿಗೆ ಖಬರಸ್ತಾನ ಅಂದೆ.

ಗೇಟಿನಲ್ಲಿ ಕಾವಲಿನವನು ಅಡ್ಡ ಬಂದ. "ಎಂಗಸ್ರು ಒಳಗೆ ಬರಂಗಿಲ್ಲ ಕಣಮ್ಮ. ಇಲ್ಲೇ ನಿಂತು ದುವಾ ಮಾಡ್ಕೊಂಡೋಗಿ."

"ನೀನು ಆ ಕಡೆ ತಿರುಗ್ಕೊಂಡು ನಿಂತ್ಕೋ. ನೀನು ನೋಡ್ಲಿಲ್ಲ, ನಾನು ಬರ್ಲಿಲ್ಲ."

ಅವನು ನನ್ನ ಮುಖ ನೋಡಿದ. ನನಗಿಂತ ಸ್ವಲ್ಪ ಚಿಕ್ಕವನಿರಬಹುದು. ಬೀಡಿ ತೆಗೆದು ರಸ್ತೆಯ ಕಡೆ ತಿರುಗಿಕೊಂಡ. ಒಳಗೆ ಹೋದೆ. ಹೊಸ ಮಣ್ಣಿನ ಗುಡ್ಡೆ ಮೂರು ಇದ್ದವು, ಯಾವುದಕ್ಕೂ ಹೆಸರಿಲ್ಲ.

"ಕಾಲೇಜಿನ ಮೇಡಮ್ಮಂದು ಯಾವುದಪ್ಪಾ?" ಅಂತ ಅಲ್ಲಿಂದಲೇ ಕೂಗಿದೆ.

ತಿರುಗದೆ, ಬೆನ್ನ ಹಿಂದೆ ಕೈ ಚಾಚಿ, "ಎಡಕ್ಕಿರೋದು, ಬೇವಿನ ಮರದ ಪಕ್ಕ" ಅಂದ.

ಮಳೆಗೆ ಮಣ್ಣು ಒಂದು ಮೂಲೆಯಲ್ಲಿ ಕುಸಿದಿತ್ತು. ಕೈಯಲ್ಲೇ ಎಳೆದು ತುಂಬಿ ತಟ್ಟಿದೆ. ಆಮೇಲೆ ಮಂಡಿ ನೋಯುತ್ತಿದ್ದರಿಂದ ಚಪ್ಪಲಿ ಬಿಟ್ಟು ಕಾಲು ಚಾಚಿ ಅವಳ ಪಕ್ಕದಲ್ಲಿ ಕೂತೆ. ಮಧ್ಯಾಹ್ನದ ಬಸ್ಸಿಗೆ ಹೊತ್ತಾಗುವ ತನಕ ಕೂತಿದ್ದೆ.