ಮುಗಿಯುವ ಕರಾರಿಗೆ ಕಟ್ಟಿದ ಫೇಟಾ

ಮಿರಜ ಸ್ಟೇಷನ್ನಿನಲ್ಲಿ ಇಳಿದು ಚೀಲ ಕೆಳಗಿಡುವ ಮೊದಲೇ ಯಾರೋ ನನ್ನ ತಲೆಗೆ ಕೇಸರಿ ಬಟ್ಟೆ ಸುತ್ತತೊಡಗಿದರು. ಫೇಟಾ, ಅಂದರೆ ಇಲ್ಲಿಯ ರುಮಾಲು. ಗದಗಿನಲ್ಲಿ ಇಷ್ಟು ವರ್ಷ ಹಾಕಿ ಆಟ ಆಡಿದರೂ ನನಗೊಂದು ಶಾಲು ಹೊದಿಸಿದವರಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಗೋಲಿಯನ್ನು, ಗೋಲು ಕಾಯುವವನನ್ನು, ಪಕ್ಕದ ಸಾಂಗಲಿಯ ತಂಡ ಆಟ ನೋಡಿಯೇ ಕರೆಸಿಕೊಂಡಿದೆ ಎಂದು ಅಲ್ಲೇ ನಿಂತು ಹೆಂಡತಿಗೆ ಫೋನು ಮಾಡಿದೆ. ಮನೆ ಸಾಮಾನೆಲ್ಲ ಕಟ್ಟು ಅಂದೆ.

ಫೇಟಾ ಕಟ್ಟಿದವರು ನಾನು ಬಾಡಿಗೆಗಿರಬೇಕಾದ ಮನೆಯ ಮಾಲಕರು, ಅರಿಷಿಣದ ವ್ಯಾಪಾರಿ ಕಾಕಾ. ಅವರ ಮಾತು ಕನ್ನಡದಲ್ಲಿ ಹುಟ್ಟಿ ಮರಾಠಿಯಲ್ಲಿ ಮುಗಿಯುತ್ತದೆ. ನಮ್ಮ ರೊಟ್ಟಿ ಇಲ್ಲಿ ಭಾಕರಿ. ಹಿಟ್ಟು ಅದೇ ಜೋಳದ್ದು, ಅವರ ಹೆಂಡತಿ ಕಾಕು ಬಡಿದದ್ದು ಮಾತ್ರ ದಪ್ಪ. ರಿಕ್ಷಾದವನ ಜೊತೆ ಮರಾಠಿಯಲ್ಲಿ ಜಗಳಾಡಿ ಗೆಲ್ಲುವಷ್ಟು ಭಾಷೆಯನ್ನು ಬೇಗನೆ ಕಲಿತೆ. ಆದರೂ ಬೇಸರವಾದಾಗ ಸ್ಟೇಷನ್ನಿಗೆ ಹೋಗಿ, ಹುಬ್ಬಳ್ಳಿ ಗಾಡಿ ನಿಂತಷ್ಟು ಹೊತ್ತು ನಮ್ಮ ಮಾತು ಕೇಳಿಸಿಕೊಂಡು ಬರುತ್ತಿದ್ದೆ.

ಒಂದು ದಿನ ಕೋಚ್ ಸಾಹೇಬರನ್ನು, ಮುಂದಿನ ವರ್ಷಕ್ಕೂ ಕರಾರು ಮಾಡುತ್ತೀರಲ್ಲ ಎಂದು ಕೇಳಿದೆ. ಅವರು ಮುಚ್ಚಿಡಲಿಲ್ಲ. ಆಟಗಾರರ ಸಂಬಳಕ್ಕೆ ತಂಡಕ್ಕೊಂದು ಮಿತಿ ಇರುತ್ತದೆ. ಇನ್ನೂ ಕೆಲವು ವರ್ಷ ಕರಾರು ಉಳಿದಿದ್ದ ತಮ್ಮ ಗೋಲಿಯನ್ನು ನನ್ನ ಹಳೆಯ ತಂಡಕ್ಕೆ ಕೊಟ್ಟು, ಈ ಹಂಗಾಮಿಗೇ ಕರಾರು ಮುಗಿಯುವ ನನ್ನನ್ನು ತಂದಿದ್ದರು. ನಾನು ಹೋದರೆ ಆ ಸಂಬಳದಲ್ಲಿ ಬೇರೆಯವನನ್ನು ತರಬಹುದು. ಅವರಿಗೆ ಬೇಕಾಗಿದ್ದದ್ದು ನಾನಲ್ಲ, ನನ್ನ ಖಾಲಿ ಜಾಗ.

ಕಾಕಾಗೆ ಹೇಳಿದೆ. "ನಮ್ಮ ಪ್ಯಾಟ್ಯಾಗೂ ಹಂಗss ಐತ್ರಿ. ಬಾಡಿಗಿದಾರ ಬಿಟ್ಟು ಹೊಂಟ ಗೋದಾಮಿಗೇ ಕಿಮ್ಮತ್ ಜಾಸ್ತಿ," ಎಂದು ನಕ್ಕರು.

ಹೆಂಡತಿ ಬರುವ ಮೊದಲು ಗೂಟದಲ್ಲಿದ್ದ ಫೇಟಾ ಬಿಚ್ಚಿ ಮಡಚುತ್ತ ಕೂತೆ. ಕಾಕು ಬಾಗಿಲಲ್ಲಿ ನಿಂತು ನೋಡಿದರು.

"ಯಾಕ ಬಿಚ್ಚಿದ್ರಿ?"

ಗೆದ್ದವರು ಇಟ್ಟುಕೊಳ್ಳುವಂಥದ್ದು ಎಂದೆ.

"ನಿಮ್ಮ ಆಟ ಯಾರ್ ನೋಡ್ಯಾರ್ರಿ? ಮನಿಗೆ ಪಾವಣ್ಯಾರು ಬಂದ್ರ ಕಟ್ಟತೇವಿ."

ಮನೆಗೆ ಬಂದ ಅತಿಥಿಗೆಂದು ಅವರು ಸುಮ್ಮನೆ ಕೊಟ್ಟ ಮರ್ಯಾದೆಯನ್ನು ನಾನು ನನ್ನ ಬೆಲೆ ಎಂದುಕೊಂಡಿದ್ದೆ. ನಾಚಿಕೆಗೆ ತಲೆ ಎತ್ತಲಾಗಲಿಲ್ಲ. ಆಗಲೇ ಹೆಂಡತಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದೆ.

"ಹಂಗಾದ್ರ ಅರ್ಧಾ ಭಾಂಡೆ ಸಾಮಾನ ಇಲ್ಲೇ ಇಟ್ಟ ಬರತೇನಿ," ಅಂದಳು.

ಈಗ ಮಿರಜದಲ್ಲಿ ರೊಟ್ಟಿ ಬೇಯಿಸಲು ಕೂತಾಗಲೆಲ್ಲ ಆಕೆ ಹುಡುಕುವ ಹಂಚು ಗದಗಿನಲ್ಲಿರುತ್ತದೆ. ಕಾಕು ತಮ್ಮದನ್ನು ಕೊಡುತ್ತಾರೆ. ಆ ದಿನದ ನಾಚಿಕೆಗೆ ಇಸಿದುಕೊಂಡು ಬರಲು ನಾನು ಹೋಗುವುದಿಲ್ಲ, ಆಕೆಯನ್ನೇ ಕಳಿಸುತ್ತೇನೆ.